ಕಂಡಿದೆ ಎಂಬ ಮುದ್ರೆ

ಬೆಳಿಗ್ಗೆ ಎಚ್ಚರವಾದ ಕೂಡಲೇ ಕಣ್ಣು ತೆರೆಯುವ ಹಾಗಿರಲಿಲ್ಲ. ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಎಳೆದರೆ ಕೂದಲು ಕಿತ್ತು ಬರುತ್ತಿದ್ದವು. ಹೀಗಾಗಿ ದಾಕ್ಷಾಯಿಣಿ ಎಚ್ಚರವಿದ್ದೂ ಕಣ್ಣು ಮುಚ್ಚಿಕೊಂಡೇ ಮಲಗಿ, ಅತ್ತೆಯ ಹೆಜ್ಜೆ ಸಪ್ಪಳಕ್ಕೆ ಕಾಯುತ್ತಿದ್ದಳು. ಶಿವಗಂಗವ್ವ ಕಾಯಿಸಿದ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ ತಂದು ಸೊಸೆಯ ಕಣ್ಣಮೇಲೆ ಹಾಸುತ್ತಿದ್ದಳು.

"ಬಿಸಿ ಭಾಳಾತೇನ?"

"ಇಲ್ಲತ್ತಿ. ಇರಲಿ."

"ಹಿಂಗ ದಿನಾ ಬೇಯಿಸಿದ್ರ ಒಂದಿನ ಕಣ್ಣು ಹೋಗಿ ಎಣಗಾಯಿ ಬದನಿಕಾಯಿ ಆಗತಾವ ನೋಡು."

ಬಟ್ಟೆ ಆರಿದ ಮೇಲೆ ದಾಕ್ಷಾಯಿಣಿ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮೆಲ್ಲಗೆ ತೀಡುತ್ತಿದ್ದಳು. ಕೂಸುಗಳ ಶಾಂಪೂವನ್ನು ನೀರಿನಲ್ಲಿ ಕರಗಿಸಿ, ಹತ್ತಿಯಿಂದ ರೆಪ್ಪೆಗೂದಲಿನ ಬುಡ ಒರೆಸುತ್ತಿದ್ದಳು. ಹತ್ತಿಯ ಮೇಲೆ ಸಣ್ಣ ರವೆಯಂತಹ ಹೊಟ್ಟು ಬರುತ್ತಿತ್ತು. ಆಮೇಲೆ ಹನಿ. ಹನಿಯಾದ ಮೇಲೆ ಲೆನ್ಸು.

ಲೆನ್ಸು ಕಣ್ಣಿಗೆ ಕುಳಿತೊಡನೆ ನೋಟದ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತಿತ್ತು. ಹೊತ್ತಿಕೊಂಡರೆ ಆ ದಿನದ ನೌಕರಿ ಉಳಿದಂತೆ.

ಅದು ಸಾಕ್ಷಿಗಳ ಕಾಲ. ಯಂತ್ರಗಳು ತಾವೇ ನೋಡಿ, ತಾವೇ ನಿರ್ಧರಿಸಿ, ತಾವೇ ಚಾಲೂ ಆಗುತ್ತಿದ್ದ ದಿನಗಳಲ್ಲಿ ಎಲ್ಲೋ ಒಂದು ದೊಡ್ಡ ಅನಾಹುತವಾಗಿತ್ತು. ತಪ್ಪು ಯಾರದೆಂದು ಬೊಟ್ಟು ಮಾಡಲು ಒಬ್ಬ ಮನುಷ್ಯನೂ ಸಿಕ್ಕಿರಲಿಲ್ಲ. ಆಮೇಲೆ ಕಾನೂನು ಬಂತು: ಮನುಷ್ಯನನ್ನು ಕೊಲ್ಲಬಲ್ಲ ಯಾವ ಯಂತ್ರವೂ ಮನುಷ್ಯನ ಕಣ್ಣು ನೋಡದ ಹೊರತು ಚಾಲೂ ಆಗಕೂಡದು. ಯಂತ್ರಗಳಿಗೆ ಮನುಷ್ಯರಿಗಿಂತ ಚೆನ್ನಾಗಿ ಕಾಣುತ್ತಿತ್ತೆಂಬುದು ಬೇರೆ ಮಾತು. ಬೇಕಾಗಿದ್ದದ್ದು ನೋಟವಲ್ಲ, ನೋಡಿದವರ ಹೆಸರು.

ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳಿಗೂ ಸಾಕ್ಷಿ ಬೇಕಿತ್ತು. ಊರವರು ಅವನ್ನು ಫ್ಯಾನು ಎನ್ನುತ್ತಿದ್ದರು. ಫ್ಯಾನು ನಿಂತಾಗ ರಿಪೇರಿಯವರು ಕಂಬದೊಳಗಿನ ಏಣಿ ಹತ್ತಿ, ಕೆಲಸ ಮುಗಿಸಿ ಇಳಿಯುತ್ತಾರೆ. ಮತ್ತೆ ಚಾಲೂ ಆಗುವ ಮೊದಲು, ಗುಡ್ಡದ ಬುಡದ ಕಂಟ್ರೋಲ್ ರೂಮಿನಲ್ಲಿ ಕುಳಿತ ಸಾಕ್ಷಿ ಪರದೆಯ ಮೇಲೆ ಅದರ ಬಾಗಿಲು, ಏಣಿ, ನೆತ್ತಿ, ರೆಕ್ಕೆಯ ಬುಡ ಇಷ್ಟನ್ನೂ ನೋಡಬೇಕು. ಒಳಗೆ ಯಾರೂ ಉಳಿದಿಲ್ಲವೆಂದು ಕಣ್ಣಾರೆ ಕಾಣಬೇಕು. ಕಣ್ಣು ಎಲ್ಲಿ ನೆಟ್ಟಿದೆ, ಎಷ್ಟು ಹೊತ್ತು ನೆಟ್ಟಿದೆ ಎಂಬುದನ್ನು ಲೆನ್ಸು ಗುರುತಿಸಿ, 'ಕಂಡಿದೆ' ಎಂದು ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದರೆ ರೆಕ್ಕೆ ತಿರುಗುತ್ತದೆ.

ಲೆನ್ಸಿಗೆ ಬ್ಯಾಟರಿ ಇರಲಿಲ್ಲ. ಅದರ ಅಂಚಿನ ಕೂದಲೆಳೆಯಂತಹ ಉಂಗುರ ಕಣ್ಣೀರಿನ ಉಪ್ಪಿನಿಂದಲೇ ಕರೆಂಟು ಹುಟ್ಟಿಸಿಕೊಳ್ಳುತ್ತಿತ್ತು. ಕಣ್ಣು ಹಸಿಯಾಗಿದ್ದರೆ ನೋಟದ ಚುಕ್ಕೆ, ಮೇಜಿನ ಮೇಲಿನ ಸೂಚಕ ಎರಡೂ ಹಸಿರು. ಒಣಗಿದರೆ ಕೇಸರಿ. ಇನ್ನೂ ಒಣಗಿದರೆ ಕೆಂಪು. ಆಗ ನೋಡಿದ್ದು ನೋಡಿದಂತಾಗುವುದಿಲ್ಲ. ಕೆಂಪು ಮೇಲಿಂದ ಮೇಲೆ ಬಂದರೆ ಆ ಕಣ್ಣು ಸಾಕ್ಷಿಗೆ ಅನರ್ಹ.

ಆದರೆ ನೆಟ್ಟ ನೋಟದಿಂದ ನೋಡುವ ಕೆಲಸವೇ ಕಣ್ಣನ್ನು ಒಣಗಿಸುತ್ತಿತ್ತು. ಕಂಪನಿಯ ಕಣ್ಣಿನ ಡಾಕ್ಟರು ಕುಲಗೋಡ ಅದನ್ನು ಮೊದಲ ಸಲವೇ ಬಿಡಿಸಿ ಹೇಳಿದ್ದರು. "ರೆಪ್ಪೆಯ ಅಂಚಿನಲ್ಲಿ ಸಣ್ಣ ಸಣ್ಣ ಎಣ್ಣೆಗಾಣಗಳಿವೆ ಅಂದುಕೊಳ್ಳಿ. ರೆಪ್ಪೆ ಬಡಿದಾಗಲೆಲ್ಲ ಒಂದಿಷ್ಟು ಎಣ್ಣೆ ಕಣ್ಣೀರಿನ ಮೇಲೆ ಹರಡತದ. ಅದು ಇದ್ದರೆ ಕಣ್ಣೀರು ಆರೂದಿಲ್ಲ. ನೀವು ರೆಪ್ಪೆ ಬಡಿಯೂದ ಮರೆತೀರಿ. ಎಣ್ಣೆ ಚಳಿಗಾಲದ ತುಪ್ಪದ ಹಂಗ ಒಳಗೇ ಗಟ್ಟಿ ಆಗೇದ. ಅದಕ್ಕ ಈ ಬಾವು, ಈ ಹೊಟ್ಟು."

"ವಾಸಿ ಆಗೂದಿಲ್ಲೇನ್ರಿ?"

"ವಾಸಿ ಅಂತಿಲ್ಲ. ಸಂಭಾಳಿಸಬೇಕು. ಬಿಸಿ ಬಟ್ಟೆ, ರೆಪ್ಪೆ ಸ್ವಚ್ಛ, ಹನಿ. ಕೆಲವು ವಾರ ಲೆನ್ಸು ಬಿಟ್ಟರೆ ಭಾಳ ಛಲೋ." ಅಷ್ಟು ಹೇಳಿ ಅವರು ಕೊನೆಯ ಮಾತು ಆಡಿಯೇ ಇಲ್ಲವೆಂಬಂತೆ ಕೈ ತೊಳೆಯಲು ಎದ್ದಿದ್ದರು. ಲೆನ್ಸು ಬಿಟ್ಟರೆ ಸಾಕ್ಷಿಯ ಪರವಾನಗಿ ಬಿದ್ದುಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಕನ್ನಡಕದ ಗಾಜಿನಲ್ಲಿ ಪರದೆಯ ಬೆಳಕು ಹೊಳೆಯುತ್ತದೆಂದು ಅದಕ್ಕೂ ಅಲ್ಲಿ ಅವಕಾಶವಿರಲಿಲ್ಲ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗಿನಿಂದ ದಾಕ್ಷಾಯಿಣಿಗೆ ಲೆನ್ಸಿಲ್ಲದೆ ಮಾರುದೂರದ ಮುಖವೂ ತಿಳಿಯುತ್ತಿರಲಿಲ್ಲ.

ಆ ಕುರ್ಚಿ ಮೊದಲು ಅವಳ ಗಂಡ ಫಕೀರೇಶನದಾಗಿತ್ತು. ಹಿಂದಿನ ಸುಗ್ಗಿಯಲ್ಲಿ ಪಾಳಿ ಮುಗಿಸಿ ಮುಸ್ಸಂಜೆ ಬೈಕಿನಲ್ಲಿ ಬರುತ್ತಿದ್ದವನು, ರಸ್ತೆ ಬದಿಗೆ ನಿಂತಿದ್ದ ಹತ್ತಿಯ ಟ್ರೇಲರಿಗೆ ನೇರವಾಗಿ ಹೋಗಿ ಬಡಿದಿದ್ದ. ಬ್ರೇಕು ಹಾಕಿದ ಗುರುತು ರಸ್ತೆಯ ಮೇಲಿರಲಿಲ್ಲ. ನಿದ್ದೆ ಹತ್ತಿರಬೇಕು ಎಂದರು ಕೆಲವರು. ಕುಡಿದಿದ್ದನೇನೋ ಎಂದರು ಉಳಿದವರು. ಅನುಕಂಪದ ಆಧಾರದ ಮೇಲೆ ನೌಕರಿ ಹೆಂಡತಿಗೆ ಬಂತು. ಅತ್ತೆಯನ್ನು ನೋಡಿಕೊಳ್ಳತಕ್ಕದ್ದು ಎಂಬ ಷರತ್ತೂ ಜೊತೆಗೆ ಬಂತು. ಅವಳು ಅನರ್ಹಳಾದರೆ ನೌಕರಿಯೂ ಇಲ್ಲ, ಕ್ವಾರ್ಟರ್ಸೂ ಇಲ್ಲ. ಇಬ್ಬರಿಗೂ ಬೇರೆ ಸೂರಿರಲಿಲ್ಲ.

ಕಾರ್ತಿಕ ಕಳೆದು ಒಣಗಾಳಿ ಶುರುವಾದ ಮೇಲೆ ಚುಕ್ಕೆ ಪದೇ ಪದೇ ಕೇಸರಿಗೆ ತಿರುಗತೊಡಗಿತು. ಕಣ್ಣಲ್ಲಿ ಮಳಲು ಬಿದ್ದಂತೆ. ಮಧ್ಯಾಹ್ನದ ಹೊತ್ತಿಗೆ ರೆಪ್ಪೆ ಬಡಿದರೂ ನೋವು, ಬಡಿಯದಿದ್ದರೂ ನೋವು. ಒಂದು ಸಂಜೆ ಅವಳು ಬಂದು ಗೋಡೆಗೆ ಆತು ಕುಳಿತಳು. ಊಟ ಬೇಡವೆಂದಳು. ಶಿವಗಂಗವ್ವ ಸ್ವಲ್ಪ ಹೊತ್ತು ನೋಡಿ, ಒಳಗಿನಿಂದ ಬೆಳ್ಳಿಯ ಕಾಡಿಗೆ ಡಬ್ಬಿ ತಂದಳು. ಔಡಲೆಣ್ಣೆಯ ದೀಪದ ಮೇಲೆ ಕಂಚಿನ ತಾಟು ಬೋರಲು ಹಾಕಿ, ಹೊನಗೊನ್ನೆ ಸೊಪ್ಪಿನ ರಸ ಸವರಿ, ಅವಳೇ ಹಿಡಿದ ಕಾಡಿಗೆ ಅದು. ಮೈತುಂಬ ಔಡಲೆಣ್ಣೆ ಕುಡಿದು ಮಿರಿಮಿರಿ ಮಿನುಗುತ್ತಿತ್ತು.

"ತಂಪು ಆಗತೇತಿ. ಹಚ್ಚತೀನಿ, ಮುಖ ಎತ್ತು."

"ಬ್ಯಾಡತ್ತಿ. ಮಂದಿ ಏನಂದಾರು."

ಶಿವಗಂಗವ್ವನಿಗೆ ಅರ್ಥವಾಯಿತು. ಗಂಡ ಸತ್ತವಳ ಕಣ್ಣಲ್ಲಿ ಕಾಡಿಗೆ ಕಂಡರೆ ಕಾಲೋನಿಯ ನಾಲಿಗೆ ಸುಮ್ಮನಿರುತ್ತದೆಯೆ? "ಮಂದಿಗೆ ತೋರಸಾಕ ಯಾರ ಹಚ್ಚತಾರ? ರೆಪ್ಪಿ ಒಳಗಿನ ಅಂಚಿಗೆ ಹಚ್ಚತೀನಿ. ಹೊರಗ ಒಂದ ಗೆರಿ ಕಾಣೂದಿಲ್ಲ."

ಡಾಕ್ಟರು ಕಣ್ಣಿಗೆ ಬೇರೆ ಏನೂ ಹಚ್ಚಬಾರದೆಂದಿದ್ದು ದಾಕ್ಷಾಯಿಣಿಗೆ ನೆನಪಿತ್ತು. ಆದರೆ ಮುದುಕಿಯ ಬೆರಳು ತಣ್ಣಗಿತ್ತು. ಅವಳು ಮುಖ ಎತ್ತಿದಳು.

ಮರುದಿನ ಪಾಳಿ ಮುಗಿಯುವವರೆಗೂ ಚುಕ್ಕೆ ಹಸಿರಾಗಿಯೇ ಇತ್ತು.

ಕಾರಣ ಅವಳಿಗೆ ಬೇಗ ಹೊಳೆಯಿತು. ಗಾಣಗಳು ಕೊಡಬೇಕಾದ ಎಣ್ಣೆಯನ್ನು ಕಾಡಿಗೆ ಕೊಡುತ್ತಿತ್ತು. ಔಡಲೆಣ್ಣೆ ಕಣ್ಣೀರಿನ ಮೇಲೆ ಹರಡಿ ಅದನ್ನು ಆರಗೊಡುತ್ತಿರಲಿಲ್ಲ. ಅದೇ ಎಣ್ಣೆ, ಅದರೊಳಗಿನ ಮಸಿ, ಲೆನ್ಸಿನ ಮೇಲೂ ಹರಡುತ್ತಿತ್ತು. ಬೆಳಗಿನ ಹೊತ್ತು ಪರವಾಗಿಲ್ಲ. ಮಧ್ಯಾಹ್ನದ ನಂತರ ಪರದೆಯ ಮೇಲಿನ ಫ್ಯಾನುಗಳು ಹೊಗೆಯೊಳಗೆ ನಿಂತಂತೆ ಕಾಣುತ್ತಿದ್ದವು. ದೀಪದ ಸುತ್ತ ಕಾಮನಬಿಲ್ಲು. ಲೆನ್ಸಿಗೆ ಕಣ್ಣು ಎತ್ತ ನೆಟ್ಟಿದೆ ಎಂಬುದು ತಿಳಿಯುತ್ತಿತ್ತು, ಹಸಿಯಾಗಿದೆ ಎಂಬುದು ತಿಳಿಯುತ್ತಿತ್ತು. ಆ ಕಣ್ಣಿಗೆ ಏನು ಕಂಡಿತು ಎಂಬುದನ್ನು ತಿಳಿಯುವ ಉಪಾಯವನ್ನು ಯಾರೂ ಕಂಡುಹಿಡಿದಿರಲಿಲ್ಲ. ಹೊಗೆಯೊಳಗೆ ಬಾಗಿಲಿರಬೇಕಾದ ಕಡೆಗೆ ಅವಳು ಕಣ್ಣು ನೆಡುತ್ತಿದ್ದಳು. ಏಣಿಯಿರಬೇಕಾದ ಕಡೆಗೆ ನೆಡುತ್ತಿದ್ದಳು. ಮುದ್ರೆ ಬೀಳುತ್ತಿತ್ತು: ಕಂಡಿದೆ.

ಪಕ್ಕದ ಕುರ್ಚಿಯ ಮೆಹರುನ್ನಿಸಾ ಸುಮ್ಮನೆ ಬಿಡುವವಳಲ್ಲ. ಚಹಾದ ಹೊತ್ತಿಗೆ ಅವಳನ್ನು ಕಿಟಕಿಯ ಬಳಿ ಎಳೆದೊಯ್ದಳು.

"ನಿನ್ನೆಯಿಂದ ನೋಡಾಕತ್ತೀನಿ. ನನ್ನ ಚುಕ್ಕಿ ಟೊಮೆಟೊ ಹಂಗ ಆಗೇತಿ. ನಿಂದು ಮಾತ್ರ ಕೊತ್ತಂಬರಿ. ಏನ್ ಹಾಕ್ಕೊಂಡಿ, ಖರೇ ಹೇಳು."

ದಾಕ್ಷಾಯಿಣಿ ಹೇಳಿದಳು.

"ಹಾಯ್, ನಮ್ಮ ಮನ್ಯಾಗ ಸುರ್ಮಾ ಬಿಟ್ರ ಬ್ಯಾರೆ ಗೊತ್ತಿಲ್ಲ. ಒಂಚೂರು ತಂದಕೊಡವಾ. ಮುಂದಿನ ವಾರ ನನ್ನ ಕಣ್ಣಿನ ತಪಾಸಣಿ ಐತಿ."

ಅವಳು ಎಲೆಯಲ್ಲಿ ಸುತ್ತಿ ತಂದುಕೊಟ್ಟಳು. ಮೆಹರುವಿನಿಂದ ಅದು ಮುಂದಿನ ಸಾಲಿಗೆ ಹೋಯಿತು, ಅಲ್ಲಿಂದ ಇನ್ನೊಂದು ಪಾಳಿಗೆ. ಕಂಟ್ರೋಲ್ ರೂಮಿನಲ್ಲಿ ಕೇಸರಿ ಕಡಿಮೆಯಾಯಿತು. ಪಾಳಿಯ ಮುಖ್ಯಸ್ಥ ಹೊಂಬಳ ಸಾಹೇಬರು ಎಲ್ಲರ ಎದುರೇ ಹೊಗಳಿದರು: "ಈ ಸಲ ನಮ್ಮ ಕಣ್ಣು ಭಾರಿ ಆರೋಗ್ಯ ಅದಾವ." ಯಾರೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ. ಅಲ್ಲಿ ಪರದೆಯ ಹೊರತು ಬೇರೇನನ್ನೂ ನೋಡುವ ರೂಢಿ ಇರಲಿಲ್ಲ.

ಡಬ್ಬಿ ಬರಿದಾದದ್ದಕ್ಕೆ ಶಿವಗಂಗವ್ವ ಹೊಸ ಕಾಡಿಗೆ ಹಿಡಿಯಲು ಕುಳಿತಳು. ಭಾನುವಾರದ ಬೆಳಗು. ಬತ್ತಿಯ ಹೊಗೆ ತಾಟಿಗೆ ತಾಗುವುದನ್ನು ನೋಡುತ್ತ ದಾಕ್ಷಾಯಿಣಿ ಎಣ್ಣೆ ಹನಿಸುತ್ತಿದ್ದಳು. ತನ್ನ ಕಾಡಿಗೆ ಎಲ್ಲರಿಗೂ ಬೇಕಾಗಿದೆ ಎಂಬ ಹಿಗ್ಗು ಮುದುಕಿಯ ದನಿಯಲ್ಲಿತ್ತು.

"ನಿಮ್ಮ ಡಾಕ್ಟ್ರು ಏನ ಬಲ್ಲ? ಹಡದಾಕಿಗೆ ಗೊತ್ತಿರತೇತಿ. ನನ್ನ ಮಗನೂ ಹಿಂಗ ಕಣ್ಣು ಉರೀತಾವಂತ ಅಳತಿದ್ದ. ನಾನ ದಿನಾ ಹಚ್ಚಿ ಕಳಸತಿದ್ದೆ."

ದಾಕ್ಷಾಯಿಣಿಯ ಕೈಯಲ್ಲಿನ ಎಣ್ಣೆಯ ಗಿಂಡಿ ಅಲ್ಲೇ ನಿಂತಿತು. "ಅವರಿಗೆ?"

"ಹೂಂ. ಗಂಡಸು ಕಾಡಿಗಿ ಹಚ್ಚಿದ್ರ ನಗತಾರಂತ ನಾಚಿಕಿ ಅವನಿಗೆ. ನಿನಗೂ ಹೇಳಬ್ಯಾಡ ಅಂದಿದ್ದ. ಅದಕ್ಕ ಹಿಂಗ, ಒಳಗಿನ ಅಂಚಿಗೆ. ಕಡೀ ದಿನದ ತನಕಾ ಅವನ ಚುಕ್ಕಿ ಒಂದಿನಾನೂ ಕೆಂಪಾಗಲಿಲ್ಲ, ನೋಡು." ಶಿವಗಂಗವ್ವ ತಾಟನ್ನು ಎತ್ತಿ, ಮಸಿ ಕಟ್ಟಿದೆಯೇ ಎಂದು ಬೆಳಕಿಗೆ ಹಿಡಿದಳು. "ಎಣ್ಣಿ ಹಾಕು. ಬತ್ತಿ ಸುಡಾಕತ್ತೇತಿ."

ಅವಳು ಎಣ್ಣೆ ಹಾಕಿದಳು.

ಆ ಸಂಜೆ ಹಾಲು ತರಲು ಹೋದವಳು ರಸ್ತೆಯ ಬದಿಗೆ ನಿಂತಳು. ಬೆಳಿಗ್ಗೆ ಹಚ್ಚಿದ್ದು ಕಣ್ಣಲ್ಲಿತ್ತು. ಎದುರಿನಿಂದ ಬರುತ್ತಿದ್ದ ಟ್ರ್ಯಾಕ್ಟರಿನ ದೀಪಗಳು ಎರಡು ದೊಡ್ಡ ಬಣ್ಣದ ಹೂವುಗಳಾಗಿ ಅರಳಿದವು. ದೀಪವಿಲ್ಲದ್ದು ಏನೂ ಕಾಣಲಿಲ್ಲ. ಎಮ್ಮೆಯೊಂದು ಕೈಗೆಟುಕುವಷ್ಟು ಹತ್ತಿರ ಬಂದು ಉಸಿರುಬಿಟ್ಟಾಗಲೇ ಅಲ್ಲಿ ಎಮ್ಮೆ ಇದೆಯೆಂದು ಗೊತ್ತಾದದ್ದು. ಫಕೀರೇಶನಿಗೆ ನಿದ್ದೆ ಹತ್ತಿರಲಿಲ್ಲ. ಅವನು ಕುಡಿದಿರಲಿಲ್ಲ. ಅವನು ಕಣ್ಣು ತೆರೆದುಕೊಂಡೇ ಹೋಗಿದ್ದ. ಚುಕ್ಕೆ ಹಸಿರಾಗಿತ್ತು.

ಇದನ್ನು ಯಾರಿಗೆ ಹೇಳಬೇಕು? ಕಂಪನಿಗೆ ಹೇಳಿದರೆ ಮೊದಲು ಕೇಳುವ ಪ್ರಶ್ನೆ, ಕಾಡಿಗೆ ಹಚ್ಚಿದವರು ಯಾರು ಎಂಬುದು. ಕಾಲೋನಿಯಲ್ಲಿ ಮಾತು ಒಂದು ಹೊತ್ತಿನಲ್ಲಿ ಮನೆಮನೆ ಮುಟ್ಟುತ್ತದೆ, ಅತ್ತೆಯ ಕಿವಿಯನ್ನೂ. ಹೇಳದೆ ಕಾಡಿಗೆ ಬಿಟ್ಟರೆ ಚುಕ್ಕೆ ಕೆಂಪು, ಮನೆ ಖಾಲಿ. ಬಿಡದಿದ್ದರೆ ದಿನವೂ ಕಾಣದ್ದಕ್ಕೆ ಸಾಕ್ಷಿ. ಅವಳು ಹಾಲು ತಂದು ಕಾಯಲಿಟ್ಟಳು. ಉಕ್ಕುವ ಮೊದಲು ಇಳಿಸಿದಳು. ಮರುದಿನ ಬೆಳಿಗ್ಗೆ ಅತ್ತೆ ಕರೆದಾಗ ಮುಖ ಎತ್ತಿ ಕೂತಳು.

ಆ ದಿನ ಗಾಳಿ ಜೋರಿತ್ತು. ಗುಡ್ಡದ ನೆತ್ತಿಯ ಒಂದು ಫ್ಯಾನು ನಿಂತಿತ್ತು. ರಿಪೇರಿಗೆ ದಾವಲಸಾಬ ತನ್ನ ಜೊತೆಗಾರನೊಂದಿಗೆ ಹತ್ತಿದ್ದ. ಮಧ್ಯಾಹ್ನ ಇಳಿದ ಮೇಲೆ ವಾಕಿಟಾಕಿಯಲ್ಲಿ ಅವನ ದನಿ ಗಾಳಿಯ ಮೊರೆತದೊಳಗೆ ಮುರಿದು ಮುರಿದು ಬಂತು: "...ಳಿದೇವ್ರಿ... ಚಾಲೂ..."

"ಇಬ್ಬರೂ ಇಳಿದ್ರೇನ?" ಎಂದು ಹೊಂಬಳ ಸಾಹೇಬರು ಕೇಳಿದರು. ಉತ್ತರದ ಬದಲು ಬರೀ ಗಾಳಿ ಬಂತು. "ಇಳಿದಿರತಾರ. ಗಾಳಿ ಇರೂದರೊಳಗ ಚಾಲೂ ಆಗಲಿ. ದಾಕ್ಷಾಯಿಣಿ, ನಿನ್ನ ಪಾಳಿ."

ಫ್ಯಾನು ಅವಳ ಪರದೆಗೆ ಬಂತು. ಬಾಗಿಲು: ಹೊಗೆ. ಮುದ್ರೆಯ ಮೊದಲ ಭಾಗ ತುಂಬಿತು. ಏಣಿ: ಹೊಗೆ. ಎರಡನೆಯದು ತುಂಬಿತು. ನೆತ್ತಿಯ ಕಡೆ ಕಣ್ಣು ಎತ್ತಿದಳು. ಹೊಗೆಯ ನಡುವೆ ಏನೋ ಹಳದಿ. ಹೆಲ್ಮೆಟ್ಟಿರಬಹುದು, ಚಿಂದಿಯಿರಬಹುದು, ದೀಪವಿರಬಹುದು. ಅಲುಗಿದಂತಿತ್ತು. ಅವಳು ಥಟ್ಟನೆ ನೋಟವನ್ನು ಪಕ್ಕಕ್ಕೆ ತಿರುಗಿಸಿದಳು.

"ಸಾಹೇಬ್ರ, ಮ್ಯಾಲ ಯಾರರೆ ಅದಾರೋ ಇಲ್ಲೋ, ನನಗ ಕಾಣಸಾಕತ್ತಿಲ್ಲ."

ಹೊಂಬಳರು ಬಂದು ಅವಳ ಮೇಜಿನ ಸೂಚಕ ನೋಡಿದರು. "ಹಸರ ಐತೆಲ್ಲವಾ."

"ಹಸರ ಐತ್ರಿ. ನನಗ ಕಾಣಾಕತ್ತಿಲ್ಲ."

"ಲೆನ್ಸಿಗೆ ಕಾಣಾಕತ್ತೇತಿ. ನಿನಗ ಕಾಣಲಿಲ್ಲಂದ್ರ ಏನಾತು? ನೋಡು ಅತ್ತಾಗ. ಇಲ್ಲಾ, ಮೆಹರುನ ಪರದೆಗೆ ಹಾಕತೀನಿ."

ದಾಕ್ಷಾಯಿಣಿ ಪಕ್ಕಕ್ಕೆ ತಿರುಗಿದಳು. ಮೆಹರುವಿನ ಕಣ್ಣು ಎಣ್ಣೆಯಿಂದ ಮಿರುಗುತ್ತಿತ್ತು. ಅವಳಿಗೂ ಏನೂ ಕಾಣುವುದಿಲ್ಲ. ಅವಳ ಹಿಂದಿನವಳಿಗೂ. ಆ ಕೋಣೆಯಲ್ಲಿ ಯಾರ ಕಡೆ ಹೊರಳಿಸಿದರೂ ಮುದ್ರೆ ಬೀಳುತ್ತದೆ. ರೆಕ್ಕೆ ತಿರುಗುತ್ತದೆ.

ನಿಯಮದಲ್ಲಿ ಒಂದೇ ಒಂದು ತಡೆ ಇತ್ತು. ನೋಡುತ್ತಿರುವಾಗ ಸಾಕ್ಷಿಯ ಲೆನ್ಸು ಕಣ್ಣಿನಿಂದ ಕಳಚಿದರೆ, ಆ ಫ್ಯಾನಿಗೆ ಬೇರೆ ಯಾರ ಮುದ್ರೆಯೂ ಸಲ್ಲುವುದಿಲ್ಲ. ಮನುಷ್ಯನೇ ಏಣಿ ಹತ್ತಿ ನೋಡಿ ಬರಬೇಕು. ಅಷ್ಟರಲ್ಲಿ ಹೊಂಬಳರ ಕೈ ಮೆಹರುವಿನ ಮೇಜಿನ ಗುಂಡಿಯ ಬಳಿ ಹೋಗಿತ್ತು. ದಾಕ್ಷಾಯಿಣಿ ಬಲಗಣ್ಣಿಗೆ ಬೆರಳು ಹಾಕಿದಳು. ಲೆನ್ಸು ಜಾರಲಿಲ್ಲ. ಎಣ್ಣೆ, ಮಸಿಯ ಜಿಗುಟಿಗೆ ಅದು ಕಣ್ಣಿಗೆ ಕಚ್ಚಿ ಕೂತಿತ್ತು. ಹನಿ ಹಾಕಿಕೊಳ್ಳಲು ಸಮಯವಿರಲಿಲ್ಲ. ಉಗುರಿನಿಂದ ಅಂಚು ಎತ್ತಿ ಎಳೆದಳು.

ಸೈರನ್ನು ಕೂಗಿತು. ಪರದೆಯ ಮೇಲೆ ಫ್ಯಾನು ಕೆಂಪಾಯಿತು. ಅವಳು ಅಂಗೈಯಲ್ಲಿ ಕಣ್ಣು ಒತ್ತಿಕೊಂಡು ಮೇಜಿನ ಮೇಲೆ ಬಾಗಿದ್ದಳು.

"ಯಾ ಅಲ್ಲಾ," ಎಂದು ಮೆಹರು ಕುರ್ಚಿ ಬಿಟ್ಟೆದ್ದಳು. "ರಕ್ತ ಬರಾಕತ್ತೇತಿ. ಯಾರರೆ ಡಾಕ್ಟ್ರನ ಕರೀರಿ!"

ದಾವಲಸಾಬ ಮತ್ತೆ ಏಣಿ ಹತ್ತಿ ಇಳಿದು ಬಂದ. ಮೇಲೆ ಯಾರೂ ಇರಲಿಲ್ಲ. ಜೊತೆಗಾರ ಆಗಲೇ ಕೆಳಗೆ ಬೇಲಿಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ದ. ಹಳದಿಯದು ಒಂದು ತುಂಡು ಟೇಪು. ಗಾಳಿಗೆ ಹೊಡೆದುಕೊಳ್ಳುತ್ತಿತ್ತು.

"ಟೇಪು," ಎಂದರು ಹೊಂಬಳರು, ಕಣ್ಣು ತಪಾಸಣೆಯ ಕೋಣೆಯ ಬಾಗಿಲಲ್ಲಿ ನಿಂತು. "ಒಂದು ಟೇಪಿಗೆ ಕಣ್ಣು ಕಿತ್ತುಕೊಂಡಿಯಲ್ಲವಾ."

"ನನಗ ಟೇಪೂ ಕಾಣಲಿಲ್ಲರಿ."

ಕುಲಗೋಡ ಡಾಕ್ಟರು ಯಂತ್ರದ ಕೊಳವೆಯಿಂದ ಅವಳ ಕಣ್ಣನ್ನು ಬಹಳ ಹೊತ್ತು ನೋಡಿದರು. ರೆಪ್ಪೆಯ ಒಳಅಂಚಿನಲ್ಲಿ, ಒಂದೊಂದು ಎಣ್ಣೆಗಾಣದ ಬಾಯಿಯಲ್ಲೂ ಕಪ್ಪು ಬೆಣೆ ಹೊಡೆದಂತಿತ್ತು. ಅವರು ಹೊಂಬಳರ ಕಡೆ ತಿರುಗಿದರು. ಹೊಂಬಳರು ಬಾಗಿಲು ಮುಂದೆ ಮಾಡಿದರು.

"ಹಸಿರಿದ್ದೂ ಕಾಣಲಿಲ್ಲ ಅಂತ ಆದರ ಏನಾಗತೇತಿ ಗೊತ್ತೇನವಾ? ಈ ಗುಡ್ಡದ ಮ್ಯಾಲೆ ಇಷ್ಟು ದಿನ ಬಿದ್ದ ಮುದ್ರೆಗಳೆಲ್ಲಾ ಸುಳ್ಳಾಗತಾವ. ಎಲ್ಲಾ ಫ್ಯಾನೂ ನಿಲ್ಲತಾವ. ಎಲ್ಲಾರ ಕಣ್ಣೂ ತಪಾಸಣಿಗೆ ಹೋಗತಾವ." ಅವರು ದನಿ ಇಳಿಸಿದರು. "ತೀರಿಕೊಂಡವರ ಮುದ್ರೆನೂ."

ದಾಕ್ಷಾಯಿಣಿ ಯಂತ್ರದಿಂದ ಮುಖ ಹಿಂದೆಗೆದಳು.

"ಲೆನ್ಸು ತಾನಾಗೇ ಜಾರಿತು," ಎಂದರು ಡಾಕ್ಟರು, ಯಾರನ್ನೂ ನೋಡದೆ. "ಗಾಯ ಮಾಗೋ ತನಕ ರಜೆ. ಇದು ಅಪಘಾತ, ಪರವಾನಗಿ ಬೀಳೂದಿಲ್ಲ. ಆಮೇಲೆ ಹೊಸ ನಮೂನೆಯ ಲೆನ್ಸು ಬರತದ. ಅದರಾಗ ಮರಗಟ್ಟಿಸೋ ಔಷಧ ಇರತದ. ಉರಿ ಗೊತ್ತಾಗೂದೇ ಇಲ್ಲ."

"ಕಾಣತೇತೇನ್ರಿ?"

ಡಾಕ್ಟರು ಪಟ್ಟಿ ಕಟ್ಟುವ ಬಟ್ಟೆ ಕತ್ತರಿಸತೊಡಗಿದರು.

ಮೆಹರು ಅವಳನ್ನು ಮನೆಯವರೆಗೆ ಕೈ ಹಿಡಿದು ನಡೆಸಿದಳು. ದಾರಿಯಲ್ಲಿ ಒಮ್ಮೆ ನಿಂತು, ಸೆರಗಿನ ತುದಿಯಿಂದ ತನ್ನ ರೆಪ್ಪೆಗಳನ್ನು ಒಳಗಿನಿಂದ ತಿಕ್ಕಿ ಒರೆಸಿಕೊಂಡಳು. ಸೆರಗು ಕಪ್ಪಾಯಿತು. "ನಾಳಿಂದ ನನ್ನ ಚುಕ್ಕಿ ಕೆಂಪ," ಎಂದಳು. "ಆಗಲಿ. ಏನಾಗತೇತೋ ಆಗಲಿ." ಸ್ವಲ್ಪ ದೂರ ನಡೆದ ಮೇಲೆ, "ತಪಾಸಣಿ ಮುಗದ ಮ್ಯಾಲಿಂದ ಬಿಡತೀನಿ," ಎಂದಳು.

ಶಿವಗಂಗವ್ವ ಹೊಸ್ತಿಲಲ್ಲೇ ನಿಂತಿದ್ದಳು. ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಸೊಸೆಯನ್ನು ಒಳಗೆ ಕರೆದು ಕೂರಿಸಿ, ಪಟ್ಟಿ ಕಟ್ಟಿದ ಕಣ್ಣಿನ ಮೇಲೆ ಕೈಯಿಡಲು ಹೋಗಿ ಹಿಂತೆಗೆದಳು.

"ಎಡಗಣ್ಣಿಗಾದ್ರೂ ಹಚ್ಚಲೇನ? ಉರಿ ಇಳೀತೇತಿ."

"ಬ್ಯಾಡತ್ತಿ. ಇನ್ನ ಹಚ್ಚೂದ ಬ್ಯಾಡ. ಡಾಕ್ಟ್ರು ಬೈದ್ರು. ರೆಪ್ಪಿ ಒಳಗಿನ ಎಣ್ಣಿಬಾಯಿ ಮುಚ್ಚಿಬಿಡತಾವಂತ. ಕಣ್ಣು ಮಂಜ ಆಗತಾವಂತ."

ಕೊನೆಯ ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ತಿಳಿಯಿತು. ಆದರೆ ಅದು ಹೊರಬಿದ್ದಾಗಿತ್ತು.

ಶಿವಗಂಗವ್ವ ಎದುರಿಗೆ ಕುಳಿತಳು. ನೆಲದ ಮೇಲಿನ ಏನನ್ನೋ ಬೆರಳಿನಿಂದ ಒರೆಸಿದಳು. ಅಲ್ಲಿ ಏನೂ ಇರಲಿಲ್ಲ. ಹೊರಗೆ ಯಾರದೋ ಮನೆಯ ಕುಕ್ಕರು ಕೂಗಿ ಸುಮ್ಮನಾಯಿತು.

"ಮಂಜ ಆಗತಾವ?"

"ನನಗ ಹಂಗಾತು."

"ಹಂಗಾರ..." ಮುದುಕಿ ಒರೆಸುತ್ತಿದ್ದ ಬೆರಳನ್ನು ನೋಡಿಕೊಂಡಳು. "ಹಂಗಾರ ಅವನಿಗೂ ಆಗಿತ್ತೇನ? ಅವತ್ತ ಮುಂಜಾನೆನೂ ನಾನ ಹಚ್ಚಿದ್ನೆವಾ. ಆ ಟ್ರೇಲರು ಅವನಿಗೆ..."

"ಇಲ್ಲತ್ತಿ," ಎಂದಳು ದಾಕ್ಷಾಯಿಣಿ. "ಅವರ ಕಣ್ಣು ಬ್ಯಾರೆ. ಅವರಿಗೆ ಎಲ್ಲಾ ಸ್ವಚ್ಛ ಕಾಣತಿತ್ತು."

"ನಿನಗ ಹೆಂಗ ಗೊತ್ತು?"

"ನಾ ನೋಡೀನಿ."

ಶಿವಗಂಗವ್ವ ಮೊಣಕಾಲೂರಿ ಹತ್ತಿರ ಸರಿದು, ಸೊಸೆಯ ಗದ್ದ ಹಿಡಿದು, ಪಟ್ಟಿಯಿಲ್ಲದ ಆ ಒಂದು ಕಣ್ಣಿನೊಳಗೆ ಬಹಳ ಹೊತ್ತು ನೋಡಿದಳು. ದಾಕ್ಷಾಯಿಣಿ ರೆಪ್ಪೆ ಬಡಿಯಲಿಲ್ಲ.